ಸೀಟ್ ಬೆಲ್ಟ್ ಜಾಗೃತಿ: ಜಾಥಾ ಎಣಿಸಿದ್ದು ಸಾಕು, ಬೆಲ್ಟ್ ಎಣಿಸೋಣ

ಜನವರಿ ಬಂತು ಅಂದರೆ ರಸ್ತೆ ಸುರಕ್ಷತೆಯ ಕಾಲ. ಮೊದಲೆಲ್ಲ ಒಂದು ವಾರ ಸಪ್ತಾಹ ನಡೆಯುತ್ತಿತ್ತು. 2021ರಲ್ಲಿ ಮೊದಲ ಸಲ ಇಡೀ ತಿಂಗಳು ಮಾಡಿದರು. ತುಮಕೂರಿನಲ್ಲಿ ಟೌನ್‌ಹಾಲ್ ಸರ್ಕಲ್ ಕಡೆಯಿಂದ ಜಾಥಾ ಹೊರಡುತ್ತದೆ. ಮುಂದೆ ಬ್ಯಾನರ್ ಹಿಡಿದ ಹೈಸ್ಕೂಲ್ ಮಕ್ಕಳು, ಪಕ್ಕದಲ್ಲಿ ಸಂಚಾರ ಪೊಲೀಸರು, ಹಿಂದೆ ಆಟೊದಲ್ಲಿ ಮೈಕ್. ಬಿ.ಎಚ್. ರಸ್ತೆಯಲ್ಲಿ ಕಾರು ನಿಲ್ಲಿಸಿ ಬೆಲ್ಟ್ ಹಾಕಿದವರಿಗೆ ಗುಲಾಬಿ, ಹಾಕದವರ ಕೈಗೆ ಕರಪತ್ರ. ಮಾರನೇ ದಿನ ಜಿಲ್ಲಾ ಪುಟದಲ್ಲಿ ಫೋಟೊ. ಎಷ್ಟು ವಿದ್ಯಾರ್ಥಿಗಳು ಬಂದರು, ಎಷ್ಟು ಕರಪತ್ರ ಹಂಚಿದರು, ಯಾರು ಹಸಿರು ನಿಶಾನೆ ತೋರಿದರು ಎಲ್ಲ ಇರುತ್ತದೆ. ಜನವರಿ ಒಂದನೇ ತಾರೀಕು ನೂರು ಕಾರಿಗೆ ಎಷ್ಟು ಜನ ಬೆಲ್ಟ್ ಹಾಕಿದ್ದರು, ಮಾರ್ಚ್‌ನಲ್ಲಿ ಎಷ್ಟು ಜನ ಹಾಕುತ್ತಿದ್ದಾರೆ ಅನ್ನೋದು ಮಾತ್ರ ಇರೋದಿಲ್ಲ.

ಜ್ವರ ಇಳಿಯಿತಾ ಅಂತ ಕೇಳಿದರೆ ಎಷ್ಟು ಮಾತ್ರೆ ಕೊಟ್ಟೆವು ಅಂತ ಉತ್ತರ ಹೇಳಿದ ಹಾಗಾಯಿತು ಇದು. ಜಾಥಾ ಬೇಡ ಅಂತಲ್ಲ. ಆದರೆ ಅದರಿಂದ ಏನಾಯಿತು ಅನ್ನೋದನ್ನು ಅಳೆಯೋಕೆ ಒಂದು ದಾರಿ ಇದೆ. ಅಂಥ ದುಬಾರಿ ದಾರಿಯೂ ಅಲ್ಲ. ಹಾಗಿದ್ದೂ ಪ್ರತಿ ವರ್ಷ ಬೇರೆ ಬೇರೆ ಸಂಖ್ಯೆಗಳನ್ನು ಅದರ ಜಾಗದಲ್ಲಿ ಇಟ್ಟು ಸಮಾಧಾನ ಪಟ್ಟುಕೊಳ್ಳುತ್ತೇವೆ. ಆ ಬದಲಿ ಸಂಖ್ಯೆಗಳು ಯಾಕೆ ಕೆಲಸಕ್ಕೆ ಬರೋದಿಲ್ಲ ಅನ್ನೋದರಿಂದ ಶುರು ಮಾಡೋಣ.

ಸತ್ತವರ ಲೆಕ್ಕ ಏನು ಹೇಳುತ್ತದೆ?

ಎಲ್ಲರೂ ಮೊದಲು ಹಿಡಿಯೋದು ಸಾವಿನ ಅಂಕಿಯನ್ನೇ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅವರಲ್ಲಿ ಸೀಟ್ ಬೆಲ್ಟ್ ಹಾಕದೆ ಸತ್ತವರು 16,715. ಅದರಲ್ಲಿ 8,384 ಜನ ಚಾಲಕರು, 8,331 ಜನ ಪ್ರಯಾಣಿಕರು. ಅದರ ಹಿಂದಿನ ವರ್ಷ, 2021ರಲ್ಲಿ, ಒಟ್ಟು 16,397. ಅಂದರೆ ಒಂದು ವರ್ಷದಲ್ಲಿ ಮುನ್ನೂರಕ್ಕೂ ಜಾಸ್ತಿ ಏರಿತು. ಹಾಗಾದರೆ ಜಾಗೃತಿ ಸೋತಿತು ಅನ್ನಬಹುದಾ?

ಅನ್ನೋಕೆ ಬರೋದಿಲ್ಲ. 2021ರಲ್ಲಿ ಕೋವಿಡ್ ಲಾಕ್‌ಡೌನ್ ಇತ್ತು, ರಸ್ತೆಗಿಳಿದ ಕಾರುಗಳೇ ಕಡಿಮೆ. ಅದು ಬಿಡಿ, ಬೆಲ್ಟ್ ಹಾಕದೆ ಸತ್ತವರು ಎಷ್ಟು ಅನ್ನೋದಕ್ಕೆ ಅರ್ಥ ಬರಬೇಕಾದರೆ ಬೆಲ್ಟ್ ಹಾಕದೆ ಓಡಾಡಿದವರು ಎಷ್ಟು ಅನ್ನೋದು ಪಕ್ಕದಲ್ಲಿ ಇರಬೇಕು. ಆ ಎರಡನೇ ಸಂಖ್ಯೆಯನ್ನು ಯಾರಾದರೂ ರಸ್ತೆ ಪಕ್ಕ ನಿಂತು ಎಣಿಸಬೇಕು. ಸಾವಿನ ಪಟ್ಟಿಯೊಳಗೆ ಎಷ್ಟು ಹುಡುಕಿದರೂ ಅದು ಸಿಗೋದಿಲ್ಲ.

ಮೂಲದಲ್ಲೇ ಇನ್ನೊಂದು ತೊಡಕಿದೆ. ಈಗ ಅಪಘಾತದ ವಿವರವನ್ನು ಪೊಲೀಸರು ಇ-ಡಾರ್ ಅನ್ನೋ ಆನ್‌ಲೈನ್ ದಾಖಲೆ ವ್ಯವಸ್ಥೆಯಲ್ಲಿ ತುಂಬುತ್ತಾರೆ. ಆದರೆ ಅವರು ಸ್ಥಳಕ್ಕೆ ಬರುವ ಹೊತ್ತಿಗೆ ಸುತ್ತಮುತ್ತಲ ಊರಿನವರು ಗಾಯಾಳುಗಳನ್ನು ಎಳೆದು ಹೊರಗೆ ಹಾಕಿರುತ್ತಾರೆ, 108 ಬಂದು ಹೊತ್ತುಕೊಂಡು ಹೋಗಿರುತ್ತದೆ. ಬೆಲ್ಟ್ ಹಾಕಿದ್ದರಾ ಅನ್ನೋ ಪ್ರಶ್ನೆಗೆ ಬರೆಯುವ ಉತ್ತರ ಬಹಳ ಸಲ ಅಂದಾಜು. ಬದುಕುಳಿದ ಡ್ರೈವರ್‌ನ ಕೇಳಿದರೆ ‘ಹಾಕಿದ್ದೆ ಸಾರ್’ ಅಂತಾನೆ. ವಿಮೆ, ಕೇಸು ಎಲ್ಲ ಅವನ ತಲೆಯಲ್ಲಿ ಓಡುತ್ತಿರುತ್ತದೆ, ಅಲ್ವಾ?

ಜಿಲ್ಲೆ ಮಟ್ಟಕ್ಕೆ ಇಳಿದರೆ ಈ ಅಂಕಿ ಇನ್ನೂ ಹೊಯ್ದಾಡುತ್ತದೆ. 2023ರ ಅಕ್ಟೋಬರ್ 26ರ ಬೆಳಗಿನ ಜಾವ ಚಿಕ್ಕಬಳ್ಳಾಪುರದ ಹತ್ತಿರ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಟಾಟಾ ಸುಮೋ ಒಂದು ನಿಂತಿದ್ದ ಟ್ಯಾಂಕರ್‌ಗೆ ಹಿಂದಿನಿಂದ ಗುದ್ದಿತು. ಒಂದೇ ಗಾಡಿಯಲ್ಲಿ 13 ಜನ ಹೋದರು. ಇಂಥದ್ದು ನಡೆದ ಮೇಲೆ ಯಾವ ಜಿಲ್ಲೆಯಲ್ಲಾದರೂ ಅಭಿಯಾನ ಚುರುಕಾಗುತ್ತದೆ, ಅದು ಸಹಜ. ಆದರೆ ಅಂಥ ತಿಂಗಳ ಮುಂದಿನ ತಿಂಗಳು ಸಾವು ಕಡಿಮೆಯಾಗೋದೂ ಅಷ್ಟೇ ಸಹಜ. ಯಾರೂ ಏನೂ ಮಾಡದಿದ್ದರೂ ಇಳಿಯುತ್ತಿತ್ತು. ಅತಿ ಕೆಟ್ಟ ತಿಂಗಳನ್ನೇ ‘ಮೊದಲು’ ಅಂತ ಇಟ್ಟುಕೊಂಡು ಅಳೆದರೆ ಎಂಥ ಅಭಿಯಾನವೂ ಗೆದ್ದಂತೆ ಕಾಣುತ್ತದೆ.

ಬೆಲ್ಟಿನ ಮಾತೇ ಬಾರದ ಸಾವುಗಳೂ ಇದೇ ಲೆಕ್ಕದೊಳಗೆ ಸೇರಿಕೊಳ್ಳುತ್ತವೆ. 2022ರ ಆಗಸ್ಟ್ 25ರಂದು ಶಿರಾ ತಾಲ್ಲೂಕಿನಲ್ಲಿ ಕ್ರೂಸರ್ ಮತ್ತು ಲಾರಿ ಗುದ್ದಿಕೊಂಡು ಒಂಬತ್ತು ಜನ ಸತ್ತರು. ಕೂಲಿಗೆ ಅಂತ ರಾಯಚೂರು ಕಡೆಯಿಂದ ಬೆಂಗಳೂರಿಗೆ ಹೊರಟಿದ್ದವರು. ಗಾಡಿಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ ಇದ್ದರು. ಅಲ್ಲಿ ಯಾರ ಹೆಗಲಿಗೆ ಯಾವ ಬೆಲ್ಟ್? ಸೀಟ್ ಬೆಲ್ಟ್ ಅಭಿಯಾನ ಆ ಕ್ರೂಸರ್‌ನ ಮುಟ್ಟೋದೇ ಇಲ್ಲ. ಆದರೆ ಆ ಒಂಬತ್ತು ಸಾವು ಜಿಲ್ಲೆಯ ಆ ವರ್ಷದ ಅಂಕಿಯಲ್ಲಿ ಕೂತಿರುತ್ತದೆ.

ದಂಡದ ಲೆಕ್ಕ, ಬಾಯಿಮಾತಿನ ಲೆಕ್ಕ

ಎರಡನೇ ಬದಲಿ ಸಂಖ್ಯೆ ದಂಡದ್ದು. ‘ಈ ತಿಂಗಳು ಇಷ್ಟು ಕೇಸ್ ಹಾಕಿದ್ದೇವೆ, ಇಷ್ಟು ಲಕ್ಷ ವಸೂಲಾಗಿದೆ.’ ಇದು ಪೊಲೀಸರು ಎಷ್ಟು ಹೊತ್ತು ನಿಂತರು ಅನ್ನೋದರ ಲೆಕ್ಕ. ಕೇಸ್ ಎರಡು ಪಟ್ಟಾದರೆ ಬೆಲ್ಟ್ ಹಾಕದವರು ಜಾಸ್ತಿ ಆಗಿರಬಹುದು, ಇಲ್ಲವೇ ಹಿಡಿಯುವವರು ಜಾಸ್ತಿ ಆಗಿರಬಹುದು. ಇಳಿದರೂ ಅದೇ ಕಥೆ. ಸಿಬ್ಬಂದಿಯನ್ನೆಲ್ಲ ಬಂದೋಬಸ್ತ್‌ಗೆ ಕಳಿಸಿದ ವಾರ ಕೇಸ್ ಕಡಿಮೆ. ಅವತ್ತು ಊರೆಲ್ಲ ಬೆಲ್ಟ್ ಹಾಕಿಕೊಂಡಿತ್ತು ಅಂತ ಯಾರೂ ಹೇಳೋದಿಲ್ಲ.

ದಂಡದ ಮೊತ್ತವೇ ಒಂದು ಕಡೆ ನಿಂತಿಲ್ಲ. 2019ರ ಸೆಪ್ಟೆಂಬರ್ 1ರಂದು ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಜಾರಿಗೆ ಬಂದಾಗ ಬೆಲ್ಟ್ ಹಾಕದಿದ್ದರೆ 1,000 ರೂಪಾಯಿ ಅಂದರು. ಜನ ಬೈದರು. ಅದೇ ತಿಂಗಳಲ್ಲಿ ರಾಜ್ಯ ಸರ್ಕಾರ 500ಕ್ಕೆ ಇಳಿಸಿತು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರು. ಅವರು ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ. ಅದಾದ ಮೇಲೆ ಹಿಂದೆ ಕೂತವರೂ ಹಾಕಲೇಬೇಕು ಅನ್ನೋ ಹಳೇ ನಿಯಮಕ್ಕೆ ಜೀವ ಬಂತು. ಅಕ್ಟೋಬರ್‌ನಲ್ಲಿ ಕರ್ನಾಟಕ ಪೊಲೀಸರು 1,000 ರೂಪಾಯಿ ದಂಡದ ಆದೇಶ ಹೊರಡಿಸಿದರು. ಮುಂದೆ ನಾಲ್ಕೇ ತಿಂಗಳು, 2023ರ ಫೆಬ್ರುವರಿಯಲ್ಲಿ ಬಾಕಿ ಇರುವ ಸಂಚಾರ ದಂಡಕ್ಕೆಲ್ಲ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟರು. ಜನ ಸಾಲು ನಿಂತು ಕಟ್ಟಿದರು. ಆಮೇಲೂ ಅಂಥ ರಿಯಾಯಿತಿ ಬಂದಿದೆ. ಸುಮ್ನೆ ಕಾದರೆ ಅರ್ಧ ಉಳಿಯುತ್ತೆ ಅಂತ ಕಲಿತ ಜನಕ್ಕೆ 1,000 ಅನ್ನೋದು 1,000 ಆಗಿ ಕಾಣೋದಿಲ್ಲ. ಒಂದು ಅಭಿಯಾನದ ಫಲ ಅಳೆಯುವವರು ಇದನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು.

ಮೂರನೆಯದು ಕೇಳಿ ಬರೆದುಕೊಳ್ಳುವುದು. 2017ರಲ್ಲಿ ಮಾರುತಿ ಸುಜುಕಿ 17 ನಗರಗಳಲ್ಲಿ ಸಮೀಕ್ಷೆ ಮಾಡಿಸಿತ್ತು. ಯಾವಾಗಲೂ ಬೆಲ್ಟ್ ಹಾಕುತ್ತೇವೆ ಅಂದವರು ನೂರಕ್ಕೆ 25 ಜನ ಮಾತ್ರ. ಯಾಕೆ ಹಾಕೋದಿಲ್ಲ ಅಂತ ತಿಳಿಯೋಕೆ ಇಂಥ ಸಮೀಕ್ಷೆ ಒಳ್ಳೆಯದು. ಎಷ್ಟು ಜನ ಹಾಕುತ್ತಾರೆ ಅಂತ ತಿಳಿಯೋಕೆ ಅಲ್ಲ. ಅದರಲ್ಲೂ ಜಾಗೃತಿ ಕಾರ್ಯಕ್ರಮ ಮುಗಿಸಿ ಅಲ್ಲೇ ಫಾರಂ ಕೊಟ್ಟು ‘ಇನ್ನು ಮೇಲೆ ಬೆಲ್ಟ್ ಹಾಕುತ್ತೀರಾ?’ ಅಂದರೆ ಯಾರು ಇಲ್ಲ ಅಂತಾರೆ? ನಮ್ಮ ಜನ ಮರ್ಯಾದಸ್ಥರು. ಎದುರಿಗೆ ಕೂತು ಕೇಳಿದವರಿಗೆ ಬೇಜಾರು ಮಾಡೋದಿಲ್ಲ.

ಹಾಗಾದರೆ ನಿಂತು ನೋಡಬೇಕು

ಉಳಿದಿರೋದು ಒಂದೇ ದಾರಿ. ರಸ್ತೆ ಪಕ್ಕ ನಿಂತು ಕಾರಿನೊಳಗೆ ನೋಡಿ ಬರೆದುಕೊಳ್ಳುವುದು. ಅಮೆರಿಕದಲ್ಲಿ ಪ್ರತಿ ವರ್ಷ ಹೀಗೇ ಕಣ್ಣಾರೆ ನೋಡಿ ಎಣಿಸುತ್ತಾರೆ. ಮುಂದಿನ ಸೀಟಿನವರಲ್ಲಿ ನೂರಕ್ಕೆ 91–92 ಜನ ಹಾಕುತ್ತಾರೆ ಅನ್ನೋ ಅಲ್ಲಿನ ಅಂಕಿ ಬಂದಿರೋದು ಹಾಗೆ ಎಣಿಸಿಯೇ.

ಕೇಳೋಕೆ ಸುಲಭ. ನಿಂತು ನೋಡಿದರೆ ಎಷ್ಟು ಸಿಕ್ಕು ಅಂತ ಗೊತ್ತಾಗುತ್ತದೆ. ತುಮಕೂರಿನ ಪಕ್ಕ ಹೆದ್ದಾರಿಯಲ್ಲಿರುವ ಕ್ಯಾತ್ಸಂದ್ರ ಟೋಲ್ ಹತ್ತಿರ ಕಾರುಗಳು ನಿಧಾನ ಆಗುವ ಜಾಗ ಒಳ್ಳೆಯದು ಅಂತ ಮೊದಲು ಅನಿಸುತ್ತದೆ. ಅಲ್ಲಿ ಪೊಲೀಸ್ ಜೀಪು ನಿಂತಿದ್ದರೆ ಮಾತ್ರ ಆಟವೇ ಬೇರೆ. ದೂರದಿಂದ ಖಾಕಿ ಕಂಡ ತಕ್ಷಣ ಡ್ರೈವರ್‌ನ ಬಲಗೈ ಹೆಗಲ ಹಿಂದೆ ಹೋಗುತ್ತದೆ. ಬೆಲ್ಟ್ ಎಳೆದು ಎದೆ ಮೇಲೆ ಹಿಡಿದುಕೊಳ್ಳುತ್ತಾನೆ. ಲಾಕ್‌ಗೆ ಸಿಕ್ಕಿಸೋದಿಲ್ಲ, ಸುಮ್ನೆ ಹಿಡಿದಿರುತ್ತಾನೆ. ಜೀಪು ದಾಟಿದ ಮೇಲೆ ಕೈ ಬಿಟ್ಟರೆ ಬೆಲ್ಟ್ ಸರ್ರನೆ ತನ್ನ ಜಾಗಕ್ಕೆ ಹೋಗುತ್ತದೆ. ಇವನನ್ನು ಯಾವ ಕಾಲಮ್‌ನಲ್ಲಿ ಬರೆಯೋದು? ಪೊಲೀಸರ ಎದುರಿಗೆ ಎಣಿಸಿದರೆ ಅಲ್ಲಿ ಪೊಲೀಸರ ಹೆದರಿಕೆಯಷ್ಟೇ ಅಳತೆಗೆ ಸಿಗುತ್ತದೆ. ಅದಕ್ಕೇ ಎಣಿಸುವವರು ಯೂನಿಫಾರ್ಮ್‌ನಲ್ಲಿ ಇರಬಾರದು, ಕೈಯಲ್ಲಿ ಕ್ಯಾಮೆರಾ ಹಿಡಿದಿರಬಾರದು, ಇಲಾಖೆಯ ಗಾಡಿ ಪಕ್ಕದಲ್ಲಿ ಇರಬಾರದು.

ಬೀಪ್ ಸದ್ದಿನದು ಇನ್ನೊಂದು ಕಥೆ. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಮುಂದಿನ ಸೀಟಿನವರು ಬೆಲ್ಟ್ ಹಾಕದಿದ್ದರೆ ಎಚ್ಚರಿಸುವ ಸದ್ದು ಕಡ್ಡಾಯ. ಆ ಸದ್ದಿನ ಕಾಟ ತಪ್ಪಿಸಿಕೊಳ್ಳೋಕೆ ಬೆಲ್ಟನ್ನು ಬೆನ್ನ ಹಿಂದೆ ಹಾಯಿಸಿ ಲಾಕ್ ಮಾಡಿ ಅದರ ಮೇಲೆ ಕೂರುವವರಿದ್ದಾರೆ. ಅದೂ ಬೇಡ ಅನ್ನುವವರಿಗೆ ಲಾಕ್‌ಗೆ ಸಿಕ್ಕಿಸುವ ಬರೀ ಕ್ಲಿಪ್ ಬಂತು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಆದೇಶ ಕೊಟ್ಟು 13 ಸಾವಿರಕ್ಕೂ ಜಾಸ್ತಿ ಕಡೆಗಳಿಂದ ಈ ಕ್ಲಿಪ್ ತೆಗೆಸಿತು. ಕಾರಿನ ಕಂಪ್ಯೂಟರ್‌ಗೆ ಇವರೆಲ್ಲ ಬೆಲ್ಟ್ ಹಾಕಿದವರೇ. ರಸ್ತೆ ಪಕ್ಕ ನಿಂತವನ ಕಣ್ಣಿಗೆ ಮಾತ್ರ ಹಾಕದವರು.

ಹಿಂದಿನ ಸೀಟಿಗೆ ಬನ್ನಿ. ನಾಳೆ ಯಾವುದಾದರೂ ಬಾಡಿಗೆ ಗಾಡಿಯಲ್ಲೋ ನೆಂಟರ ಕಾರಿನಲ್ಲೋ ಹಿಂದೆ ಕೂತಾಗ ಕೈ ಹಾಕಿ ನೋಡಿ. ಹೊಸ ಕಾರು ಮನೆಗೆ ಬಂದ ವಾರವೇ ಸೀಟ್ ಕವರ್ ಅಂಗಡಿಗೆ ಹೋಗುತ್ತದೆ. ಅಲ್ಲಿ ಹಿಂದಿನ ಸೀಟಿಗೆ ದಪ್ಪ ರೆಕ್ಸಿನ್ ಕವರ್ ಹೊದಿಸುವಾಗ ಲಾಕ್‌ಗಳು ಅಡಿಗೆ ಹೋಗಿಬಿಡುತ್ತವೆ. ಕೆಲವರು ಅದಕ್ಕೆ ರಂಧ್ರ ಬಿಡುತ್ತಾರೆ. ಬಹಳ ಜನ ಬಿಡೋದಿಲ್ಲ, ಯಾರೂ ಕೇಳೋದೂ ಇಲ್ಲ. ಮೇಲಿನಿಂದ ಎಳೆದರೆ ಬೆಲ್ಟ್ ಬರುತ್ತದೆ, ಸಿಕ್ಕಿಸೋಕೆ ಜಾಗ ಇಲ್ಲ. ಬೆರಳು ತೂರಿಸಿದರೆ ಸಿಗೋದು ಕಡಲೆಕಾಯಿ ಸಿಪ್ಪೆ, ಹಳೇ ಟೋಲ್ ಚೀಟಿ, ಒಂದು ಪೆನ್ನಿನ ಮುಚ್ಚಳ. ಇಂಥ ಕಾರಿನಲ್ಲಿ ಹಿಂದೆ ಕೂತ ಅಜ್ಜಿಗೆ ಎಷ್ಟು ಕರಪತ್ರ ಕೊಟ್ಟರೂ ಅವರು ಏನು ಮಾಡಬೇಕು? ಎಣಿಸುವವನ ಹಾಳೆಯಲ್ಲಿ ಅವರು ‘ಹಾಕಿಲ್ಲ’. ನಿಜದಲ್ಲಿ ಹಾಕೋಕೆ ಆಗಲಿಲ್ಲ. ಈ ಎರಡಕ್ಕೂ ಮದ್ದು ಬೇರೆ ಬೇರೆ.

ಹಾಗಾಗಿ ಹಾಳೆಯಲ್ಲಿ ಡ್ರೈವರ್, ಪಕ್ಕದವರು, ಹಿಂದಿನವರು ಅಂತ ಮೂರು ಕಾಲಮ್ ಬೇರೆ ಬೇರೆ ಇರಲೇಬೇಕು. ಮೂರನ್ನೂ ಸೇರಿಸಿ ಒಂದೇ ಶೇಕಡಾ ಹೇಳಿದರೆ ಡ್ರೈವರ್‌ನ ಒಳ್ಳೆಯ ಅಂಕದಲ್ಲಿ ಹಿಂದಿನ ಸೀಟಿನ ಕಥೆ ಮುಚ್ಚಿಹೋಗುತ್ತದೆ. ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಮಗು ಕೂರಿಸಿಕೊಂಡವರಿಗೆ ಒಂದು ಗುರುತು ಬೇರೆ. ಬೆಲ್ಟ್ ಹಾಕಿಕೊಂಡ ತಾಯಿ, ಅವಳ ಎದುರಿಗೆ ಏನೂ ಇಲ್ಲದ ಮಗು. ನಮ್ಮ ಕಡೆ ಇದು ಅಪರೂಪದ ದೃಶ್ಯ ಏನಲ್ಲ.

ಕ್ಯಾಮೆರಾ ಇದೆಯಲ್ಲ ಅನ್ನಬಹುದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಐಟಿಎಂಎಸ್ ಅನ್ನೋ ಸಂಚಾರ ನಿಗಾ ವ್ಯವಸ್ಥೆಯ ಕ್ಯಾಮೆರಾಗಳು ಬೆಲ್ಟ್ ಹಾಕದವರ ಫೋಟೊ ತೆಗೆಯುತ್ತವೆ. ದಿನವಿಡೀ ಎಣಿಸೋಕೆ ಅದು ನಿಜಕ್ಕೂ ಒಳ್ಳೆಯ ಸಾಧನ. ಆದರೆ ಅದು ಮುಂದಿನ ಗಾಜಿನೊಳಗೆ ನೋಡುತ್ತದೆ, ಹಿಂದಿನ ಸೀಟು ಅದಕ್ಕೆ ಕತ್ತಲು. ಕ್ಯಾಮೆರಾ ಎಲ್ಲಿದೆ ಅಂತ ಗೊತ್ತಿರುವವರು ಅಲ್ಲಿ ಮಾತ್ರ ಹಾಕುತ್ತಾರೆ ಅನ್ನೋದೂ ಇದ್ದದ್ದೇ.

ಎಲ್ಲಿ, ಯಾವತ್ತು, ಯಾರನ್ನು?

ಜಾಗದ ಆಯ್ಕೆಯಲ್ಲೇ ಅರ್ಧ ಉತ್ತರ ತೀರ್ಮಾನ ಆಗಿಬಿಡುತ್ತದೆ. ತುಮಕೂರಿನವರ ಒಂದು ಅಭ್ಯಾಸ ನೋಡಿ. ಊರೊಳಗೆ ಬೆಲ್ಟ್ ಇಲ್ಲ. ಕೇಳಿದರೆ ‘ಬಟವಾಡಿ ದಾಟಿದ ಮೇಲೆ ಹಾಕ್ಕೊಳ್ತೀನಿ’ ಅಂತಾರೆ. ಹೆದ್ದಾರಿ ಸೇರುವಾಗ ಹಾಕಿಕೊಳ್ಳುತ್ತಾರೆ. ಅದೇ ಮನುಷ್ಯ ಅಶೋಕ ರಸ್ತೆಯಲ್ಲಿ ಒಂದು ಲೆಕ್ಕಕ್ಕೆ, ಕ್ಯಾತ್ಸಂದ್ರದಲ್ಲಿ ಇನ್ನೊಂದು ಲೆಕ್ಕಕ್ಕೆ ಸಿಗುತ್ತಾನೆ. ಕುಣಿಗಲ್ ರಸ್ತೆ, ಗುಬ್ಬಿ ಗೇಟ್ ಕಡೆ ಮೂರನೇ ಲೆಕ್ಕ. ಅಭಿಯಾನಕ್ಕೆ ಮೊದಲು ಊರೊಳಗೆ ಎಣಿಸಿ, ಮುಗಿದ ಮೇಲೆ ಟೋಲ್‌ನಲ್ಲಿ ಎಣಿಸಿದರೆ ಅದ್ಭುತ ಯಶಸ್ಸು ಸಿಗುತ್ತದೆ. ಏನೂ ಮಾಡದೆ.

ಟೋಲ್‌ನಲ್ಲಿ ನಿಂತರೆ ಇನ್ನೊಂದು ತಾಪತ್ರಯ. ಅಲ್ಲಿ ಹೋಗುವ ಕಾರುಗಳಲ್ಲಿ ಬಹಳಷ್ಟು ತುಮಕೂರಿನದ್ದೇ ಅಲ್ಲ. ಹುಬ್ಬಳ್ಳಿಯಿಂದ, ದಾವಣಗೆರೆಯಿಂದ, ಪುಣೆಯಿಂದ ಬೆಂಗಳೂರಿಗೆ ಹೋಗುವವರು. ಟೌನ್‌ಹಾಲ್ ಜಾಥಾ ಅವರ ಕಣ್ಣಿಗೆ ಬಿದ್ದಿಲ್ಲ. ಅದಕ್ಕೆ ಒಂದು ಅಗ್ಗದ ಉಪಾಯ ಇದೆ. ನಂಬರ್ ಪ್ಲೇಟಿನ ಮೊದಲ ನಾಲ್ಕು ಅಕ್ಷರ ಬರೆದುಕೊಳ್ಳಿ. ಕೆಎ 06 ತುಮಕೂರು, ಕೆಎ 44 ತಿಪಟೂರು, ಕೆಎ 64 ಮಧುಗಿರಿ. ಇವು ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ. ಬೆಂಗಳೂರು ನಂಬರಿನ ಕಾರು ಇಟ್ಟುಕೊಂಡ ತುಮಕೂರಿನವರು ಬೇಕಾದಷ್ಟು ಜನ ಇದ್ದಾರೆ, ನಿಜ. ಆದರೂ ಜಿಲ್ಲೆಯ ನಂಬರಿನಲ್ಲಿ ಮಾತ್ರ ಏರಿಕೆ ಕಂಡು ಹೊರಗಿನದರಲ್ಲಿ ಕಾಣದಿದ್ದರೆ ಏನೋ ಒಂದು ಸುಳಿವು ಸಿಕ್ಕ ಹಾಗೆ. ಪೂರ್ತಿ ನಂಬರ್ ಬರೆದುಕೊಳ್ಳೋದು ಬೇಡ. ಜನ ಕೇಸ್ ಹಾಕ್ತಿದ್ದಾರೆ ಅಂದುಕೊಳ್ಳುತ್ತಾರೆ.

ದಿನದ ವಿಷಯಕ್ಕೆ ಬಂದರೆ ಜನವರಿಯೇ ಅಷ್ಟು ಒಳ್ಳೆಯ ತಿಂಗಳಲ್ಲ. ಸಂಕ್ರಾಂತಿಗೆ ಊರಿಗೆ ಹೋಗುವವರ ದಂಡು. ಜನವರಿ 21 ಸಿದ್ದಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರ ಪುಣ್ಯಸ್ಮರಣೆ, ಕ್ಯಾತ್ಸಂದ್ರದಲ್ಲಿ ಅವತ್ತು ಗಾಡಿಗಳ ಜಾತ್ರೆ. ಆಮೇಲೆ ಶಿವರಾತ್ರಿ ಸುತ್ತಮುತ್ತ ಮಠದ ನಿಜವಾದ ಜಾತ್ರೆ, ದನಗಳ ಜಾತ್ರೆ. ಕುಟುಂಬ ಸಮೇತ ಒಂದೇ ಕಾರಿನಲ್ಲಿ ಎಂಟು ಜನ ಬರುವ ದಿನವನ್ನೂ ಒಬ್ಬೊಬ್ಬರೇ ಆಫೀಸಿಗೆ ಹೋಗುವ ದಿನವನ್ನೂ ಹೋಲಿಸಿದರೆ ಬೆಲ್ಟಿನ ಲೆಕ್ಕ ಬದಲಾಗುತ್ತದೆ, ಅಭಿಯಾನ ಇರಲಿ ಇಲ್ಲದಿರಲಿ. ಚಿಕ್ಕಬಳ್ಳಾಪುರದವರಿಗೆ ಇದೇ ತೊಂದರೆ ಪ್ರತಿ ಭಾನುವಾರ. ನಂದಿ ಬೆಟ್ಟ, ಆದಿಯೋಗಿ ನೋಡೋಕೆ ಬರುವ ಬೆಂಗಳೂರಿನ ಕಾರುಗಳೇ ರಸ್ತೆ ತುಂಬ. ಅಲ್ಲಿ ಎಣಿಸೋದಾದರೆ ಮಂಗಳವಾರವೋ ಬುಧವಾರವೋ ಎಣಿಸಬೇಕು.

ಅಭಿಯಾನದಿಂದಲೇ ಆಯಿತಾ?

ಇಷ್ಟೆಲ್ಲ ಜೋಪಾನ ಮಾಡಿ ಎಣಿಸಿದೆವು ಅಂದುಕೊಳ್ಳಿ. ಡಿಸೆಂಬರ್‌ನಲ್ಲಿ ನೂರಕ್ಕೆ 58 ಡ್ರೈವರ್‌ಗಳು ಹಾಕಿದ್ದರು, ಫೆಬ್ರುವರಿಯಲ್ಲಿ 66. ಇವು ಬರೀ ಉದಾಹರಣೆಗೆ ಹೇಳುವ ಅಂಕಿ. ಎಂಟು ಏರಿತು. ಚಪ್ಪಾಳೆ ಹೊಡೆಯಬಹುದಾ?

ಇನ್ನೂ ಇಲ್ಲ. ಆ ಎರಡು ತಿಂಗಳಲ್ಲಿ ಬೇರೆ ಏನೇನಾಯಿತು ಅಂತ ನೋಡಬೇಕು. 2024ರ ಡಿಸೆಂಬರ್ 21ರಂದು ನೆಲಮಂಗಲದ ಹತ್ತಿರ, ಇದೇ ತುಮಕೂರು ಹೆದ್ದಾರಿಯಲ್ಲಿ, ಕಂಟೇನರ್ ಲಾರಿ ಕಾರಿನ ಮೇಲೆ ಬಿದ್ದು ಕಾರಿನಲ್ಲಿದ್ದ ಆರೂ ಜನ ಸತ್ತರು. ಫೋಟೊ ಎಲ್ಲರ ಮೊಬೈಲ್‌ಗೂ ಬಂತು. ಹತ್ತು ದಿನಕ್ಕೆ 2025ರ ಸುರಕ್ಷತಾ ಮಾಸ ಶುರು. ಆ ವರ್ಷ ಬೆಲ್ಟ್ ಹಾಕುವವರು ಏರಿದ್ದರೆ ಜಾಥಾದಿಂದಲೋ, ಆ ಫೋಟೊದ ಭಯದಿಂದಲೋ? ಇಳಿದಿದ್ದರೆ, ‘ಅಷ್ಟು ಗಟ್ಟಿ ಕಾರೇ ಉಳಿಸಲಿಲ್ಲ, ಇನ್ನು ಬೆಲ್ಟ್ ಏನು ಮಾಡುತ್ತೆ’ ಅನ್ನೋ ಮಾತಿನಿಂದಲೋ? ಟೀ ಅಂಗಡಿಯಲ್ಲಿ ಎರಡೂ ಮಾತು ನಡೆಯುತ್ತಿತ್ತು. ಇದರ ಜೊತೆಗೆ ವರ್ಷ ವರ್ಷ ಹಳೇ ಕಾರು ಹೋಗಿ ಬೀಪ್ ಸದ್ದಿನ ಹೊಸ ಕಾರು ಬರುತ್ತಿವೆ. ಯಾರೂ ಕರಪತ್ರ ಹಂಚದಿದ್ದರೂ ಬೆಲ್ಟ್ ಹಾಕುವವರು ಮೆಲ್ಲಗೆ ಏರುತ್ತಲೇ ಇರುತ್ತಾರೆ.

ಇದಕ್ಕೆ ಬೇಕಾಗೋದು ಅಭಿಯಾನ ನಡೆಯದ ಇನ್ನೊಂದು ಊರು. ತುಮಕೂರಿಗೆ ಕೋಲಾರ ಒಳ್ಳೆಯ ಜೋಡಿ. ಎರಡೂ ಬೆಂಗಳೂರಿಗೆ ಒಂದೂವರೆ ಗಂಟೆ ಆಸುಪಾಸು, ಎರಡರ ಪಕ್ಕದಲ್ಲೂ ದೊಡ್ಡ ಹೆದ್ದಾರಿ, ಎರಡು ಕಡೆಯೂ ದಿನಾ ಬೆಂಗಳೂರಿಗೆ ಓಡಾಡುವ ಜನ, ಅವೇ ಟಿವಿ ಚಾನೆಲ್. ಟಿವಿಯಲ್ಲಿ ಬಂದದ್ದು, ಮೊಬೈಲ್‌ನಲ್ಲಿ ಓಡಿದ ಫೋಟೊ, ದಂಡದ ರಿಯಾಯಿತಿ ಇವೆಲ್ಲ ಎರಡೂ ಊರಿಗೆ ಒಂದೇ. ಒಂದು ವರ್ಷ ತುಮಕೂರಿನಲ್ಲಿ ಜನವರಿಯಲ್ಲಿ ಬಿಗಿಯಾಗಿ ಮಾಡಿ, ಕೋಲಾರದಲ್ಲಿ ಮೂರು ತಿಂಗಳು ತಡವಾಗಿ ಮಾಡಿದರೆ ಸಾಕು. ಯಾರಿಗೂ ಅನ್ಯಾಯ ಮಾಡಿದ ಹಾಗಲ್ಲ. ಕೋಲಾರದಲ್ಲಿ ಡಿಸೆಂಬರ್‌ಗೆ 55 ಇದ್ದದ್ದು ಫೆಬ್ರುವರಿಗೆ 60 ಆಯಿತು ಅನ್ನಿ. ಅಲ್ಲಿ ಏನೂ ಮಾಡದೆ ಐದು ಏರಿತು. ಆಗ ತುಮಕೂರಿನ ಎಂಟರಲ್ಲಿ ಅಭಿಯಾನದ ಪಾಲು ಮೂರೇ. ಒಂದು ಎಚ್ಚರ: ಕೋಲಾರದಲ್ಲಿ ಟೊಮೆಟೊ ಸುಗ್ಗಿ ಏರುವ ಜೂನ್–ಜುಲೈನಲ್ಲಿ ಎಪಿಎಂಸಿ ಕಡೆಯ ರಸ್ತೆಯಲ್ಲಿ ಎಣಿಸೋಕೆ ನಿಲ್ಲಬೇಡಿ. ಅಲ್ಲಿ ಕಾರಿಗಿಂತ ಪಿಕಪ್‌ಗಳೇ ಜಾಸ್ತಿ ಕಾಣುತ್ತವೆ.

ಇಲ್ಲಿಂದ ಮುಂದೆ ಸ್ವಲ್ಪ ಲೆಕ್ಕ, ಬೇಜಾರಾಗಬೇಡಿ. ಒಂದು ಊರಿನಲ್ಲಿ ಒಂದು ಸಲ 400 ಕಾರು ಎಣಿಸಿದರೆ ಬರುವ ಶೇಕಡಾದಲ್ಲಿ ಐದು ಅಂಕ ಆಚೀಚೆ ಆಗಬಹುದು, ಬರೀ ಅದೃಷ್ಟದಿಂದ. ಮೊದಲು–ಆಮೇಲೆ ಅಂತ ಎರಡು ಸಲ ಎಣಿಸಿ ಕಳೆದರೆ ಆಚೀಚೆ ಏಳು. ಎರಡು ಊರು, ಎರಡು ಸಲ, ನಾಲ್ಕು ಎಣಿಕೆ ಸೇರಿದರೆ ಆಚೀಚೆ ಸುಮಾರು ಹತ್ತು. ಹತ್ತರ ತೂಗಾಟದೊಳಗೆ ಮೂರರ ಫಲ ಎಲ್ಲಿ ಕಾಣಬೇಕು? ಆಚೀಚೆ ಮೂರರೊಳಗೆ ತರಬೇಕಾದರೆ ಪ್ರತಿ ಎಣಿಕೆಗೂ ಸುಮಾರು 5,000 ಕಾರು ಬೇಕು. ಒಂದೇ ಜಾಗ, ಒಂದೇ ಹೊತ್ತಿನ ಕಾರುಗಳು ಒಂದರಂತೆ ಒಂದು ಇರೋದರಿಂದ ನಿಜದಲ್ಲಿ ಇನ್ನೂ ಜಾಸ್ತಿ ಬೇಕಾಗುತ್ತದೆ. ನೂರು ಕಾರು ನೋಡಿ ‘ಶೇ 10ರಷ್ಟು ಸುಧಾರಣೆ’ ಅಂತ ಬರೆಯುವ ವರದಿಗಳನ್ನು ಇದನ್ನು ನೆನಪಿಟ್ಟುಕೊಂಡು ಓದಬೇಕು.

5,000 ಅಂದರೆ ಹೆದರಬೇಕಾಗಿಲ್ಲ. ಒಬ್ಬರು ನೋಡಿ ಹೇಳಿದರೆ ಇನ್ನೊಬ್ಬರು ಬರೆದುಕೊಳ್ಳಬೇಕು. ಒಂದು ಲೇನ್‌ನಲ್ಲಿ ಗಂಟೆಗೆ 150 ಕಾರು ಅಂತಿಟ್ಟುಕೊಂಡರೂ ಮೂವತ್ತಮೂರು ಗಂಟೆ ಕೆಲಸ. ನಾಲ್ಕು ಜೋಡಿ ವಿದ್ಯಾರ್ಥಿಗಳು ಮೂರು ದಿನ ಬೆಳಗ್ಗೆ ನಿಂತರೆ ಮುಗಿಯುತ್ತದೆ. ತುಮಕೂರಿನಲ್ಲಿ ವಿಶ್ವವಿದ್ಯಾಲಯ ಇದೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ಎನ್‌ಎಸ್‌ಎಸ್ ಮಕ್ಕಳಿದ್ದಾರೆ. ಒಂದು ಫ್ಲೆಕ್ಸ್, ಒಂದು ಶಾಮಿಯಾನದ ಖರ್ಚಿನಲ್ಲಿ ಅವರಿಗೆ ಟೋಪಿ, ಊಟ, ಬಸ್ ಚಾರ್ಜ್ ಎಲ್ಲ ಆಗುತ್ತದೆ.

ಬೇರೆಯವರು ಎಣಿಸಿದಾಗ ಏನು ಸಿಕ್ಕಿತು?

ಇಂಥ ಎಣಿಕೆಯಲ್ಲಿ ನನಗೆ ಅತಿ ಇಷ್ಟವಾದದ್ದು ಅಮೆರಿಕದಲ್ಲಿ ಲಿಯಾನ್ ರಾಬರ್ಟ್‌ಸನ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದ್ದು. ಒಂದು ಊರಿನಲ್ಲಿ ಎರಡು ಟಿವಿ ಕೇಬಲ್ ಇದ್ದವು. ಒಂದು ಕೇಬಲ್‌ನ ಮನೆಗಳಿಗೆ ಒಂಬತ್ತು ತಿಂಗಳು ಸೀಟ್ ಬೆಲ್ಟ್ ಜಾಹೀರಾತು ಹಾಕಿದರು, ಇನ್ನೊಂದಕ್ಕೆ ಹಾಕಲಿಲ್ಲ. ಜನಕ್ಕೆ ಇದು ಗೊತ್ತೇ ಇಲ್ಲ. ರಸ್ತೆಯಲ್ಲಿ ನಿಂತವರು ಬೆಲ್ಟ್ ನೋಡಿ, ನಂಬರ್ ಬರೆದುಕೊಂಡು, ಆ ಕಾರಿನ ಮನೆ ಯಾವ ಕೇಬಲ್‌ನದ್ದು ಅಂತ ಹೊಂದಿಸಿ ನೋಡಿದರು. ಜಾಹೀರಾತುಗಳೇನು ಕಳಪೆಯಾಗಿರಲಿಲ್ಲ. ಫಲ ಸೊನ್ನೆ. ಎರಡೂ ಕಡೆಯವರು ಒಂದೇ ಥರ ಇದ್ದರು. ನಮ್ಮ ಬಹಳಷ್ಟು ಜಾಗೃತಿ ಕಾರ್ಯಕ್ರಮಗಳ ಗತಿಯೂ ಹೀಗೇ ಇರಬಹುದು ಅನ್ನೋದು ನನ್ನ ಅನುಮಾನ. ಅನುಮಾನ ತಪ್ಪು ಅಂತ ತೋರಿಸೋಕೂ ಎಣಿಕೆಯೇ ಬೇಕು.

ಬ್ರಿಟನ್‌ನಲ್ಲಿ ಸುಮಾರು ಹತ್ತು ವರ್ಷ ಪ್ರಚಾರ ನಡೆಯಿತು. ಆದರೂ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕುವವರು ನೂರಕ್ಕೆ 40ರ ಆಸುಪಾಸಿನಲ್ಲೇ ಇದ್ದರು. 1983ರ ಜನವರಿ 31ರಂದು ಕಾನೂನು ಬಂತು. ಕೆಲವೇ ದಿನದಲ್ಲಿ 90 ದಾಟಿತು. ಹಾಗಂತ ಪ್ರಚಾರ ಪೂರ್ತಿ ವ್ಯರ್ಥ ಅನ್ನೋದೂ ಅವಸರ. ಹತ್ತು ವರ್ಷ ಕೇಳಿ ಕೇಳಿ ಒಪ್ಪಿಕೊಂಡಿದ್ದಕ್ಕೇ ಕಾನೂನಿಗೆ ಜನ ಅಷ್ಟು ಬೇಗ ಬಗ್ಗಿದರು ಅಂತ ವಾದಿಸಬಹುದು. ನಮ್ಮಲ್ಲಿ ಕಾನೂನು ಯಾವತ್ತೋ ಬಂದಿದೆ, 90 ಮಾತ್ರ ಬಂದಿಲ್ಲ.

ನಮಗೆ ಜಾಸ್ತಿ ಹತ್ತಿರ ಬರೋದು ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಅನ್ನೋ ಸಣ್ಣ ಊರಿನ ಕಥೆ. 1985ರಲ್ಲಿ ಅಲ್ಲಿ ಮೂರು ವಾರ ಪೊಲೀಸ್ ತಪಾಸಣೆ, ಜೊತೆಗೆ ಆ ತಪಾಸಣೆ ಬಗ್ಗೆಯೇ ಊರೆಲ್ಲ ಪ್ರಚಾರ ಮಾಡಿದರು. ಬೆಲ್ಟ್ ಹಾಕುವವರು 49ರಿಂದ 77ಕ್ಕೆ ಏರಿದರು. ನಾಲ್ಕು ತಿಂಗಳ ಮೇಲೆ ಮತ್ತೆ ಎಣಿಸಿದರೆ 66. ಪೂರ್ತಿ ಇಳಿಯಲಿಲ್ಲ, ಹಾಗೇ ನಿಲ್ಲಲೂ ಇಲ್ಲ. 1993ರಲ್ಲಿ ನಾರ್ತ್ ಕ್ಯಾರೊಲೈನಾದಲ್ಲಿ ಹೀಗೇ ತಪಾಸಣೆ, ಪ್ರಚಾರ ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ ಸುಮಾರು 65 ಇದ್ದದ್ದು 81ಕ್ಕೆ ಹೋಯಿತು. ಇವೆರಡರಲ್ಲೂ ಜನಕ್ಕೆ ಮುಟ್ಟಿದ್ದು ‘ಈ ವಾರ ಹಿಡಿಯುತ್ತಾರೆ’ ಅನ್ನೋ ಸುದ್ದಿ. ಬೆಲ್ಟ್ ಒಳ್ಳೆಯದು ಅನ್ನೋದು ಅವರಿಗೆ ಮೊದಲೇ ಗೊತ್ತಿತ್ತು. ನಮ್ಮವರಿಗೂ ಗೊತ್ತು. ಬೇಕಾದರೆ ಯಾರನ್ನಾದರೂ ಕೇಳಿ.

ಒಟ್ಟಾರೆ ನೋಡಿದವರೂ ಇದ್ದಾರೆ. ರಾಸ್ ಫಿಲಿಪ್ಸ್ ಮತ್ತು ಸಂಗಡಿಗರು 2011ರಲ್ಲಿ 67 ಅಧ್ಯಯನಗಳನ್ನು ಸೇರಿಸಿ ಲೆಕ್ಕ ಹಾಕಿದರು. ಪ್ರಚಾರ ಅಭಿಯಾನ ನಡೆದಾಗ ಅಪಘಾತ ಸರಾಸರಿ ಶೇ 9ರಷ್ಟು ಇಳಿದಿತ್ತು. ಎದುರಾಎದುರು ಮಾತಾಡಿ ಹೇಳಿದ್ದು, ರಸ್ತೆ ಪಕ್ಕದಲ್ಲೇ ಕಾಣುವಂತೆ ಹೇಳಿದ್ದು ಹೆಚ್ಚು ಕೆಲಸ ಮಾಡಿತ್ತು. ಅಂದರೆ ಕಾರು ನಿಲ್ಲಿಸಿ ಗುಲಾಬಿ ಕೊಡೋದನ್ನು ತಮಾಷೆ ಮಾಡಿ ತಳ್ಳಿಹಾಕೋಕೆ ಆಗೋದಿಲ್ಲ. ಸಭಾಂಗಣದಲ್ಲಿ ಭಾಷಣ ಮಾಡೋದಕ್ಕಿಂತ ಅದೇ ವಾಸಿ ಇರಬಹುದು.

ಎಲ್ಮೈರಾದ 66 ನಮಗೆ ಹೇಳೋದು ಇಷ್ಟು: ಫೆಬ್ರುವರಿ ಮೊದಲ ವಾರದಲ್ಲಿ ಎಣಿಸಿ ಪುಸ್ತಕ ಮುಚ್ಚಬಾರದು. ಡಿಸೆಂಬರ್, ಫೆಬ್ರುವರಿ, ಜೂನ್, ಮೂರು ಸಲ ಎಣಿಸಬೇಕು. ಅದೇ ಜಾಗ, ಅದೇ ಹೊತ್ತು, ಅದೇ ಹಾಳೆ. ಜೂನ್ ಎಣಿಕೆಯಲ್ಲಿ ಎಷ್ಟು ಉಳಿದಿದೆಯೋ ಅದೇ ಅಭಿಯಾನದ ನಿಜವಾದ ಅಂಕ. ತುಂಬ ಇಳಿದಿದ್ದರೆ ಜನವರಿಯ ಮೂವತ್ತು ದಿನವನ್ನು ವರ್ಷಕ್ಕೆ ನಾಲ್ಕು ಸಲ ಒಂದೊಂದು ವಾರ ಅಂತ ಹಂಚಿ ನೋಡಬಹುದು. ಖರ್ಚು ಅಷ್ಟೇ ಇರುತ್ತದೆ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಅಂತ ಇದೆ. ಪೊಲೀಸ್, ಆರ್‌ಟಿಒ, ಲೋಕೋಪಯೋಗಿ, ಹೆದ್ದಾರಿಯವರು ಎಲ್ಲ ಅಲ್ಲಿ ಕೂರುತ್ತಾರೆ. ಬ್ಲ್ಯಾಕ್ ಸ್ಪಾಟ್, ಹಂಪ್, ಸಿಗ್ನಲ್, ಕೇಸಿನ ಲೆಕ್ಕ ಚರ್ಚೆ ಆಗುತ್ತದೆ. ಆ ಅಜೆಂಡಾದಲ್ಲಿ ಮೂರು ಅಂಕಿಗೆ ಒಂದು ಸಾಲು ಸಾಕು: ಡ್ರೈವರ್ ಎಷ್ಟು, ಪಕ್ಕದವರು ಎಷ್ಟು, ಹಿಂದಿನವರು ಎಷ್ಟು. ಕೇಸ್ ಹಾಕುವವರೇ ಎಣಿಸಬಾರದು ಅನ್ನೋದೊಂದು ಷರತ್ತು. ಪೊಲೀಸರ ಮೇಲೆ ಅಪನಂಬಿಕೆ ಅಂತಲ್ಲ. ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕೋದು ಯಾವ ಇಲಾಖೆಗೂ ಒಳ್ಳೆಯದಲ್ಲ.

ಮೂರರಲ್ಲಿ ಹಿಂದಿನ ಸೀಟಿನ ಅಂಕಿ ಮೊದಲ ವರ್ಷ ನಾಚಿಕೆ ತರಿಸುವಷ್ಟು ಸಣ್ಣದಿರುತ್ತದೆ, ಅದಕ್ಕೆ ತಯಾರಾಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಬೆಲ್ಟ್ ಹಾಕಿದರೆ ಮುಂದಿನ ಸೀಟಿನಲ್ಲಿ ಸಾಯುವ ಅಪಾಯ ಅರ್ಧದಷ್ಟು ಇಳಿಯುತ್ತದೆ, ಹಿಂದಿನ ಸೀಟಿನಲ್ಲಿ ಕಾಲು ಭಾಗದಷ್ಟು. ಆ ಕಾಲು ಭಾಗವನ್ನು ನಾವು ರೆಕ್ಸಿನ್ ಕವರ್ ಅಡಿ ಹಾಕಿ ಹೊಲಿದಿದ್ದೇವೆ. ಅದನ್ನು ಬಿಡಿಸೋಕೆ ಜಾಥಾ ಬೇಡ. ಊರಿನ ಸೀಟ್ ಕವರ್ ಅಂಗಡಿಯವರನ್ನು ಒಂದು ಮಧ್ಯಾಹ್ನ ಕರೆದು ಕೂರಿಸಿ, ಲಾಕ್‌ಗೆ ಜಾಗ ಬಿಟ್ಟೇ ಕವರ್ ಹೊಲಿಯಬೇಕು ಅಂತ ಹೇಳಬೇಕು. ಯೆಲ್ಲೋ ಬೋರ್ಡ್ ಗಾಡಿಗಳು ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಪರೀಕ್ಷೆಗೆ, ಬಂದಾಗ ಹಿಂದಿನ ಮೂರೂ ಬೆಲ್ಟ್ ಲಾಕ್ ಆಗುತ್ತದಾ ಅಂತ ಸಿಕ್ಕಿಸಿ ನೋಡಬೇಕು. ಆಮೇಲೆ ಅದೇ ಹಾಳೆ ಹಿಡಿದು ಕ್ಯಾತ್ಸಂದ್ರಕ್ಕೆ ಹೋಗಿ ಮತ್ತೆ ಎಣಿಸಬಹುದು.